ಎಲ್‌ಕೆಜಿ ಸೀಟು: ಪರೀಕ್ಷೆ ಮಗುವಿಗಾ, ಅಪ್ಪ ಅಮ್ಮನಿಗಾ?

ದಸರಾ ರಜೆ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಂದು ಸೀಸನ್ ಶುರುವಾಗಿರುತ್ತದೆ. ಮುಂದಿನ ಜೂನ್‌ನ ಎಲ್‌ಕೆಜಿಗೆ ಅರ್ಜಿ ಹಾಕುವ ಸೀಸನ್. ಹೆಸರು ಮಾಡಿದ ಕೆಲವು ಶಾಲೆಗಳು ಸೆಪ್ಟೆಂಬರ್‌ನಲ್ಲೇ ಅರ್ಜಿ ಕೊಡಲು ಶುರು ಮಾಡಿ, ಡಿಸೆಂಬರ್ ಒಳಗೆ ಸೀಟು ಮುಗಿಯಿತು ಎಂದು ಬೋರ್ಡು ಹಾಕಿಬಿಡುತ್ತವೆ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಗ ಒಂದೇ ಮಾತು: "ಅಲ್ಲಿ ಫಾರಂ ಬಿಟ್ರಾ?", "ಇಂಟರಾಕ್ಷನ್‌ನಲ್ಲಿ ಏನ್ ಕೇಳಿದ್ರು?", "ನಿಮ್ಮ ಮಗೂಗೆ ನಂಬರ್ಸ್ ಎಷ್ಟರವರೆಗೆ ಬರುತ್ತೆ?" ಮನೆಯೊಳಗೆ ಮೂರೂವರೆ ವರ್ಷದ ಕೂಸಿಗೆ ಕಲರು, ಶೇಪು, ಹಣ್ಣು, ಪ್ರಾಣಿ, ದೇಹದ ಭಾಗ ಎಲ್ಲಾ ಬಾಯಿಪಾಠ ನಡೆಯುತ್ತಿರುತ್ತದೆ. ಊಟದ ತಟ್ಟೆಯಲ್ಲಿರುವ ಚಪಾತಿ ಊಟವಾಗಿ ಉಳಿದಿರುವುದಿಲ್ಲ. ಅದೀಗ "ಸರ್ಕಲ್".

ಈ ತಯಾರಿಯಲ್ಲಿ ಮುಕ್ಕಾಲು ಪಾಲು ಸುಮ್ನೆ ದಂಡ ಅನ್ನುವುದು ನನ್ನ ಅಭಿಪ್ರಾಯ. ಮಗು ಕಲಿಯಬಾರದು ಅಂತಲ್ಲ. ಇಂಟರಾಕ್ಷನ್ ಎನ್ನುವ ಆ ಹತ್ತು ನಿಮಿಷದ ಭೇಟಿಯಲ್ಲಿ ಶಾಲೆ ಅಳೆಯುವುದೇ ಬೇರೆ, ಮನೆಯವರು ಮಗುವಿಗೆ ಕಲಿಸುವುದೇ ಬೇರೆ. ಇನ್ನು ಜೂನ್‌ನಲ್ಲಿ ಶಾಲೆಯ ಬಾಗಿಲಲ್ಲಿ ಮಗುವಿಗೆ ನಿಜಕ್ಕೂ ಬೇಕಾಗುವುದು ಇವೆರಡೂ ಅಲ್ಲದ ಮೂರನೆಯದು.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಎಷ್ಟೋ ಪೋಷಕರಿಗೆ ಇದು ಗೊತ್ತಿರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ನಾವೆಲ್ಲ ಆರ್‌ಟಿಇ ಎನ್ನುವ ಕಾಯ್ದೆ, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 13ನೇ ಸೆಕ್ಷನ್ ಎರಡು ವಿಷಯಗಳನ್ನು ನಿಷೇಧಿಸುತ್ತದೆ. ಒಂದು, ಡೊನೇಷನ್. ಇನ್ನೊಂದು, ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಜರಡಿ ಹಿಡಿಯುವುದು. ಜರಡಿ ಅಂದರೆ ಯಾವುದು ಎಂದೂ ಕಾಯ್ದೆಯೇ ಹೇಳಿದೆ: ಒಂದು ಮಗುವನ್ನು ಬಿಟ್ಟು ಇನ್ನೊಂದು ಮಗುವನ್ನು ಆರಿಸಲು ಲಾಟರಿಯಂಥ ವಿಧಾನ ಬಿಟ್ಟು ಬೇರೆ ಏನು ಮಾಡಿದರೂ ಅದು ಜರಡಿಯೇ. ಡೊನೇಷನ್ ತೆಗೆದುಕೊಂಡರೆ ಅದರ ಹತ್ತು ಪಟ್ಟಿನವರೆಗೆ ದಂಡ. ಸಂದರ್ಶನ ಮಾಡಿದರೆ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೂ 50,000 ರೂಪಾಯಿವರೆಗೆ. 2010ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯೂ ಪರೀಕ್ಷೆ, ಸಂದರ್ಶನ ಎರಡೂ ಬೇಡ ಎಂದೇ ಹೇಳಿತು.

ಹಾಗಾದರೆ ಶಾಲೆಗಳು ರಾಜಾರೋಷವಾಗಿ ಮಕ್ಕಳನ್ನು ಕರೆಸಿ ಮಾತಾಡಿಸುವುದು ಹೇಗೆ? ಗುಟ್ಟು ಇರುವುದು ವಯಸ್ಸಿನಲ್ಲಿ. ಆರ್‌ಟಿಇ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ, 1ರಿಂದ 8ನೇ ತರಗತಿಗೆ. ಎಲ್‌ಕೆಜಿ, ನರ್ಸರಿ ಮಕ್ಕಳು ಅದಕ್ಕಿಂತ ಚಿಕ್ಕವರು. ಬಡ, ಹಿಂದುಳಿದ ಮನೆಯ ಮಕ್ಕಳಿಗೆಂದು ಖಾಸಗಿ ಶಾಲೆ ಇಡಬೇಕಾದ 25 ಶೇಕಡ ಮೀಸಲು ಸೀಟುಗಳ ಮಟ್ಟಿಗೆ ಮಾತ್ರ, ಶಾಲೆಯಲ್ಲಿ ಪೂರ್ವ ಪ್ರಾಥಮಿಕ ಇದ್ದರೆ ಅಲ್ಲಿಗೂ ಕಾಯ್ದೆ ಚಾಚಿಕೊಳ್ಳುತ್ತದೆ. ಉಳಿದ ಮುಕ್ಕಾಲು ಪಾಲು ಸೀಟಿನ ಕತೆ ಏನು ಎಂಬ ಪ್ರಶ್ನೆ ದೆಹಲಿ ಹೈಕೋರ್ಟ್ ಮುಂದೆ ಬಂತು. ನರ್ಸರಿ ಪ್ರವೇಶಕ್ಕೆ ಆ ಸೀಟುಗಳ ಮಟ್ಟಿಗೆ ಆರ್‌ಟಿಇ ಅನ್ವಯಿಸುವುದಿಲ್ಲ ಎಂದು 2013ರ ಫೆಬ್ರವರಿಯಲ್ಲಿ ಅದು ತೀರ್ಪು ಕೊಟ್ಟಿತು. ದೆಹಲಿಯ ತೀರ್ಪು ಕರ್ನಾಟಕಕ್ಕೆ ಹಾಗೆಯೇ ಕಟ್ಟುಪಾಡಲ್ಲ, ನಿಜ. ಆದರೆ ಕಾಯ್ದೆಯಲ್ಲಿ ಕಂಡಿ ಎಲ್ಲಿದೆ ಎಂದು ಅದು ಸರಿಯಾಗಿ ತೋರಿಸಿತು.

ಈಗ ಯೋಚಿಸಿ. ಖಾಸಗಿ ಶಾಲೆಯಲ್ಲಿ 1ನೇ ಕ್ಲಾಸಿಗೆ ಹೊಸದಾಗಿ ಸೇರುವವರು ಎಷ್ಟು ಮಂದಿ? ಬೇಡಿಕೆ ಇರುವ ಶಾಲೆಗಳಲ್ಲಿ ಹೆಚ್ಚುಕಡಿಮೆ ಯಾರೂ ಇಲ್ಲ. ಯುಕೆಜಿ ಮುಗಿಸಿದ ಮಕ್ಕಳೇ ಸಾಲಾಗಿ ಒಳಗೆ ಹೋಗುತ್ತಾರೆ. ಸೀಟು ತುಂಬುವುದು ಎಲ್‌ಕೆಜಿಯಲ್ಲಿ, ಕೆಲವು ಕಡೆ ಅದಕ್ಕೂ ಮುಂಚೆ ನರ್ಸರಿಯಲ್ಲಿ. ಮುಂಬಾಗಿಲಿಗೆ ಕಾವಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗಿದೆ ಇದು. ಎಲ್ಲರೂ ಬರುವುದೇ ಹಿತ್ತಿಲಿಂದ.

ಇನ್ನು ಆ 25 ಶೇಕಡದ ಸೀಟು. ಒಂದು ಕಾಲಕ್ಕೆ ಕರ್ನಾಟಕದಲ್ಲಿ ಬಡ ಮನೆಯ ಮಕ್ಕಳಿಗೆ ಖಾಸಗಿ ಶಾಲೆಯ ಬಾಗಿಲು ತೆರೆದದ್ದು ಅದೇ. 2018-19ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಾಗಿಲ್ಲ ಎಂದಾಯಿತು. 2019ರ ಮೇ ತಿಂಗಳಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಬೆಂಗಳೂರಿನಂಥ ಊರಿನಲ್ಲಿ ಹತ್ತಿರದಲ್ಲಿ ಒಂದು ಸರ್ಕಾರಿ ಶಾಲೆ ಇಲ್ಲದ ಬಡಾವಣೆ ಎಷ್ಟಿದ್ದೀತು? ಮಹಾರಾಷ್ಟ್ರ ಇದೇ ಥರದ ನಿಯಮ ತಂದಾಗ ಬಾಂಬೆ ಹೈಕೋರ್ಟ್ 2024ರಲ್ಲಿ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟೂ ಅದಕ್ಕೆ ಒಪ್ಪಿತು. ಅಂತೂ ನಮ್ಮಲ್ಲಿ ಈ ಓಟದಲ್ಲಿ ಉಳಿದವರು ಶುಲ್ಕ ಕಟ್ಟುವ ಶಕ್ತಿ ಇರುವವರು ಮಾತ್ರ. ಅವರ ನಡುವೆಯೇ ಈ ಜಟಾಪಟಿ.

ಮೇಜಿನ ಆ ಕಡೆ ಕೂತವರು ಏನು ನೋಡುತ್ತಾರೆ

ಶಾಲೆಯ ಕಡೆಯಿಂದ ಲೆಕ್ಕ ಹಾಕಿ. ಎಲ್‌ಕೆಜಿಗೆ ಒಂದು ಮಗು ಸೇರಿಸಿಕೊಂಡರೆ ಅದು 10ನೇ ತರಗತಿ ಮುಗಿಸುವವರೆಗೆ 12 ವರ್ಷ ಅಲ್ಲೇ ಇರುತ್ತದೆ. ಹೆಸರಾದ ಶಾಲೆಗಳಲ್ಲಿ ಎಲ್‌ಕೆಜಿ ಶುಲ್ಕವೇ ಲಕ್ಷ ದಾಟುತ್ತದೆ. ಅದು ವರ್ಷ ವರ್ಷ ಏರುವುದು ಬೇರೆ. ಹಾಗಾಗಿ ಶಾಲೆಗೆ ತಿಳಿಯಬೇಕಾದದ್ದು ಈ ಮಗು ತ್ರಿಕೋನ ಗುರುತಿಸುತ್ತದೋ ಇಲ್ಲವೋ ಅಲ್ಲ. ಈ ಮನೆಯವರು 12 ವರ್ಷ ತಕರಾರಿಲ್ಲದೆ ಶುಲ್ಕ ಕಟ್ಟುತ್ತಾರಾ, ಊರು ಬಿಟ್ಟು ಹೋಗುತ್ತಾರಾ, ಮನೆಯಲ್ಲಿ ಹೋಂವರ್ಕ್ ಮಾಡಿಸುವವರು ಇದ್ದಾರಾ. ಅರ್ಜಿ ಫಾರಂ ತೆಗೆದು ನೋಡಿ. ಮಗುವಿನ ಬಗ್ಗೆ ಅರ್ಧ ಪುಟ. ಅಪ್ಪ ಅಮ್ಮನ ಓದು, ಕಂಪನಿ, ಹುದ್ದೆ, ವರಮಾನ, ಸ್ವಂತ ಮನೆಯೋ ಬಾಡಿಗೆಯೋ ಇತ್ಯಾದಿ ಎರಡು ಪುಟ. ಭೇಟಿಯಲ್ಲೂ ಪ್ರಶ್ನೆ ಹೋಗುವುದು ದೊಡ್ಡವರ ಕಡೆಗೇ: ಇಬ್ಬರೂ ಕೆಲಸಕ್ಕೆ ಹೋದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ನಮ್ಮ ಶಾಲೆಯೇ ಯಾಕೆ, ದಿನಕ್ಕೆ ಎಷ್ಟು ಹೊತ್ತು ಟಿವಿ, ಮೊಬೈಲು. ಉತ್ತರ ಇಂಗ್ಲಿಷಿನಲ್ಲಿ ಎಷ್ಟು ಸರಾಗವಾಗಿ ಬರುತ್ತದೆ ಎನ್ನುವುದಕ್ಕೂ ಅಲ್ಲಿ ಬೆಲೆ ಇದೆ, ಯಾರೂ ಬಾಯಿಬಿಟ್ಟು ಹೇಳದಿದ್ದರೂ.

ಹಾಗಾದರೆ ಮಗುವನ್ನು ಮಾತಾಡಿಸುವುದು ಯಾಕೆ? ಕೆಲವು ಶಿಕ್ಷಕಿಯರು ಪ್ರಾಮಾಣಿಕವಾಗಿಯೇ ಮಗುವಿನ ಪರಿಚಯ ಮಾಡಿಕೊಳ್ಳುತ್ತಾರೆ. ಆದರೆ ಹತ್ತು ನಿಮಿಷದಲ್ಲಿ, ಹೊಸ ಜಾಗದಲ್ಲಿ, ಹೊಸಬರ ಮುಂದೆ ಮೂರೂವರೆ ವರ್ಷದ ಮಗು ಏನು ಮಾತಾಡುತ್ತದೆ ಎಂಬುದು ಆ ದಿನ ಅದಕ್ಕೆ ನಿದ್ದೆ ಆಗಿದೆಯಾ, ಹೊಟ್ಟೆ ತುಂಬಿದೆಯಾ ಎನ್ನುವುದರ ಮೇಲೆ ನಿಂತಿರುತ್ತದೆ. ನಮ್ಮ ಬೀದಿಯ ಒಬ್ಬ ಪುಟ್ಟ ಹುಡುಗನ ಭೇಟಿಗೆ ಅವರ ಮನೆಯವರ ಜೊತೆ ನಾನೂ ಹೋಗಿದ್ದೆ. ಮೇಡಂ ಒಂದು ಚಿತ್ರ ತೋರಿಸಿ ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಚಿತ್ರದಲ್ಲಿದ್ದದ್ದು ಕಾಗೆ. ಹುಡುಗ ಹೆಸರು ಹೇಳಲಿಲ್ಲ. "ಇದು ನಮ್ಮಜ್ಜಿ ಹಪ್ಪಳ ಎತ್ಕೊಂಡು ಹೋಗಿತ್ತು. ಅಜ್ಜಿ ಛತ್ರಿ ತಗೊಂಡು ಓಡ್ಸಿದ್ರು. ಆಮೇಲೆ ಅದು ವಾಪಸ್ ಬಂತು, ಅದ್ರ ಫ್ರೆಂಡ್‌ನೂ ಕರ್ಕೊಂಡು ಬಂತು" ಎಂದು ಶುರು ಮಾಡಿದ. ಅಮ್ಮ ಮೆಲ್ಲಗೆ ಅವನ ತೊಡೆ ಚಿವುಟಿ "ಕ್ರೋ ಅನ್ನು, ಕ್ರೋ ಅನ್ನು" ಅಂದರು. ಹುಡುಗನ ಬಾಯಿ ಮುಚ್ಚಿಹೋಯಿತು. ಮುಂದಿನ ಯಾವ ಚಿತ್ರಕ್ಕೂ ಅವನು ಬಾಯಿ ಬಿಡಲಿಲ್ಲ.

ಆ ಮೂರು ವಾಕ್ಯಗಳಲ್ಲಿ ಏನೇನಿತ್ತು ನೋಡಿ. ನಡೆದದ್ದನ್ನು ನೆನಪಿಟ್ಟು ಹೇಳುವುದು, ಮೊದಲು ಯಾವುದು ಆಮೇಲೆ ಯಾವುದು ಎಂಬ ಅನುಕ್ರಮ, ಕಾಗೆಗೂ ಒಬ್ಬ ಗೆಳೆಯ ಇರಬಹುದೆಂಬ ಊಹೆ. ಮೂರೂವರೆ ವರ್ಷದ ಭಾಷೆ ಚೆನ್ನಾಗಿ ಬೆಳೆಯುತ್ತಿದೆ ಎನ್ನಲು ಇದಕ್ಕಿಂತ ಒಳ್ಳೆಯ ಗುರುತು ಬೇಕಾ? ಆದರೆ ಚೆಕ್‌ಲಿಸ್ಟಿನಲ್ಲಿ ಅದಕ್ಕೆ ಕಾಲಂ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಮಕ್ಕಳಿಗೆ ಪರೀಕ್ಷೆಯಂಥ ಅಳತೆಗೋಲು ಸಲ್ಲದು ಎನ್ನುತ್ತದೆ, ಮನೆಮಾತಿನಲ್ಲಿ ಕಲಿಕೆ ಶುರುವಾಗಲಿ ಎನ್ನುತ್ತದೆ. ಕಾಗದದ ಮೇಲೆ ಎಲ್ಲರೂ ಒಪ್ಪಿದ ಮಾತೇ ಇದು.

ಮನೆಯಲ್ಲಿ ಕನ್ನಡ ನಿಲ್ಲಿಸಿ ಹರುಕುಮುರುಕು ಇಂಗ್ಲಿಷ್ ಶುರು ಮಾಡುವುದು ಈ ತಯಾರಿಯ ದೊಡ್ಡ ನಷ್ಟ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ಕತೆ ನಿಂತಿತು. ಅಪ್ಪನ ಇಂಗ್ಲಿಷಿನಲ್ಲಿ ಬರೀ "ಸಿಟ್", "ಕಮ್", "ಡೋಂಟ್ ಡೂ ದಟ್" ಇದೆ. ಹಾಗಾಗಿ ಮಗು ಕೇಳುವುದು ಬರೀ ಅಪ್ಪಣೆ. ಶಾಲೆ ಯಾವ ಮಾಧ್ಯಮದಲ್ಲಿರಬೇಕು ಎಂಬುದು ಪೋಷಕರ ಆಯ್ಕೆ ಎಂದು 2014ರಲ್ಲಿ ಸುಪ್ರೀಂ ಕೋರ್ಟೇ ಕರ್ನಾಟಕದ ಪ್ರಕರಣದಲ್ಲಿ ಹೇಳಿದೆ. ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿ, ಅದು ನಿಮ್ಮಿಷ್ಟ. ಅದಕ್ಕಾಗಿ ಮನೆಯ ಮಾತನ್ನು ಬಲಿ ಕೊಡಬೇಕಾಗಿಲ್ಲ. ಅದೂ ಅಲ್ಲದೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ 1ನೇ ತರಗತಿಯಿಂದ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಯಲೇಬೇಕು. ಮೂರು ವರ್ಷದವನಿದ್ದಾಗ ಮರೆಸಿದ ಕನ್ನಡಕ್ಕೆ ಆರು ವರ್ಷಕ್ಕೆ ಟ್ಯೂಷನ್ ಹಾಕಿಸುವ ಮನೆಗಳು ಬೆಂಗಳೂರಿನಲ್ಲಿ ಕಡಿಮೆ ಏನಿಲ್ಲ.

ವಯಸ್ಸಿನ ಗೊಂದಲ

ಒಂದು ಕಾಲದಲ್ಲಿ ಹಳ್ಳಿ ಶಾಲೆಗೆ ಸೇರಲು ಪರೀಕ್ಷೆ ಒಂದೇ. ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಒಳಗೆ, ಇಲ್ಲದಿದ್ದರೆ ಮುಂದಿನ ವರ್ಷ ಬಾ. ನಗೆ ಬರಬಹುದು, ಆದರೆ ಮೇಷ್ಟ್ರ ಲೆಕ್ಕ ತಪ್ಪಿರಲಿಲ್ಲ. ಚಿಕ್ಕ ಮಕ್ಕಳಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕೈ ಚಿಕ್ಕದು. ಕೈ ಕಿವಿಗೆ ಎಟುಕುವುದು ಹೆಚ್ಚುಕಡಿಮೆ ಆರರ ಹೊತ್ತಿಗೆ. ಹುಟ್ಟಿದ ತಾರೀಖು ಮನೆಯವರಿಗೆ ನೆನಪಿಲ್ಲದಿದ್ದರೆ ಹೆಡ್‌ಮೇಷ್ಟ್ರೇ ಒಂದು ತಾರೀಖು ಬರೆಯುತ್ತಿದ್ದರು. ಹಿರಿಯ ತಲೆಮಾರಿನ ಎಷ್ಟೋ ಜನರ ದಾಖಲೆಯಲ್ಲಿ ಹುಟ್ಟುಹಬ್ಬ ಜೂನ್ 1ಕ್ಕೇ ಬರುವುದು ಇದರಿಂದ.

ಈಗ ಅದೇ ಜೂನ್ 1 ಬೇರೆ ರೀತಿಯಲ್ಲಿ ತಲೆನೋವಾಗಿದೆ. 1ನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರ ಜುಲೈನಲ್ಲಿ ಆದೇಶ ಮಾಡಿತು. ರಾಷ್ಟ್ರೀಯ ಶಿಕ್ಷಣ ನೀತಿ 2020ರ ಲೆಕ್ಕವೂ ಆರೇ. ಪೋಷಕರ ವಿರೋಧ ಬಂದ ಮೇಲೆ ಜಾರಿಯನ್ನು 2025-26ಕ್ಕೆ ಮುಂದೂಡಲಾಯಿತು. ಆ ವರ್ಷ ಬಂದಾಗ ಮತ್ತೆ ಗಲಾಟೆ. 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳಾಗಿದ್ದರೂ ಸಾಕು, ಆದರೆ ಇದು ಈ ಒಂದು ವರ್ಷಕ್ಕೆ ಮಾತ್ರ ಎಂದರು. 2026-27ರಿಂದ ಸಡಿಲಿಕೆ ಇಲ್ಲ ಎಂದೂ ಆಗಲೇ ಹೇಳಿದರು.

ಗಲಾಟೆಗೆ ಕಾರಣ ಏನು? ಎರಡೂವರೆ ವರ್ಷಕ್ಕೇ ಮಗುವನ್ನು ಪ್ಲೇ ಹೋಂಗೆ, ಮೂರೂವರೆಗೆ ಎಲ್‌ಕೆಜಿಗೆ ಹಾಕಿದ್ದು. ಹಾಕಿಸಿಕೊಂಡ ಶಾಲೆಗಳೂ ವಯಸ್ಸು ನೋಡದೆ ಶುಲ್ಕ ತೆಗೆದುಕೊಂಡವು. ಐದೂವರೆಗೆ ಯುಕೆಜಿ ಮುಗಿಯಿತು, ಮುಂದೆ ಬಾಗಿಲು ಮುಚ್ಚಿತ್ತು. ಮಗು ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಬೇಕು, ಗೆಳೆಯರೆಲ್ಲ ಮುಂದಕ್ಕೆ. ಅವಸರ ಮಾಡಿದ್ದು ದೊಡ್ಡವರು, ನಪಾಸಾದ ಭಾವನೆ ಬಂದದ್ದು ಮಗುವಿಗೆ.

ಲೆಕ್ಕ ಸುಲಭ. ಒಂದಕ್ಕೆ ಆರು, ಯುಕೆಜಿಗೆ ಐದು, ಎಲ್‌ಕೆಜಿಗೆ ನಾಲ್ಕು, ಎಲ್ಲಾ ಜೂನ್ 1ಕ್ಕೆ. 2023ರ ಜೂನ್ 1ರಂದು ಹುಟ್ಟಿದ ಮಗು 2027ರ ಜೂನ್‌ನಲ್ಲಿ ಎಲ್‌ಕೆಜಿಗೆ ಹೋಗಬಹುದು. ಮಾರನೇ ದಿನ ಹುಟ್ಟಿದ ಮಗು 2028ರಲ್ಲಿ. ಒಂದು ದಿನದ ವ್ಯತ್ಯಾಸಕ್ಕೆ ಮೊದಲನೆಯದು ಕ್ಲಾಸಿನಲ್ಲೇ ಕಿರಿಯ, ಎರಡನೆಯದು ಅದರ ಹಿಂದಿನ ಕ್ಲಾಸಿನಲ್ಲೇ ಹಿರಿಯ. (ಮುಹೂರ್ತ ನೋಡಿ ಸಿಸೇರಿಯನ್ ಮಾಡಿಸುವವರು ಇನ್ನು ಮೇಲೆ ಪಂಚಾಂಗದ ಜೊತೆ ಶಿಕ್ಷಣ ಇಲಾಖೆಯ ಸುತ್ತೋಲೆಯನ್ನೂ ಇಟ್ಟುಕೊಳ್ಳಬಹುದು.) ಇದರಲ್ಲಿ ಪೋಷಕರು ನೆನಪಿಡಬೇಕಾದ ಒಂದು ವಿಷಯ ಇದೆ. ಒಂದೇ ದಿನ ಭೇಟಿಗೆ ಬಂದ ಇಬ್ಬರು ಮಕ್ಕಳ ನಡುವೆ ಹನ್ನೊಂದು ತಿಂಗಳ ಅಂತರ ಇರಬಹುದು. ಮೂರೂವರೆ ವರ್ಷದ ಮಗುವಿನ ಆಯಸ್ಸಿನಲ್ಲಿ ಅದು ಕಾಲು ಭಾಗ. ಪಕ್ಕದ ಮನೆ ಮಗು ಪಟಪಟ ಮಾತಾಡಿದರೆ, ನಿಮ್ಮದು ಸುಮ್ಮನಿದ್ದರೆ, ಮೊದಲು ಕೇಳಬೇಕಾದ್ದು ಅದು ಹುಟ್ಟಿದ ತಿಂಗಳು ಯಾವುದು ಅಂತ. ಬುದ್ಧಿಯ ಮಾತು ಆಮೇಲೆ.

ಬರೆಸುವ ಚಟದ ಬಗ್ಗೆಯೂ ಹೇಳಬೇಕು. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಮೆತ್ತಗಿರುತ್ತವೆ, ಎಕ್ಸ್‌ರೇ ತೆಗೆದರೆ ಕಾಣುವುದೇ ಇಲ್ಲ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ಕೊನೆಯದು ಶುರುವಾಗುವುದು ಎಂಟು-ಹತ್ತು ವರ್ಷದ ಹೊತ್ತಿಗೆ. ಮಗುವಿನ ವಯಸ್ಸು ಅಂದಾಜು ಮಾಡಲು ವೈದ್ಯರು ಕೈಯ ಎಕ್ಸ್‌ರೇ ನೋಡುವುದು ಇದೇ ಕಾರಣಕ್ಕೆ. ಇಂಥ ಕೈಗೆ ಮೂರೂವರೆ ವರ್ಷಕ್ಕೆ ನಾಲ್ಕು ಗೆರೆ ಪುಸ್ತಕ ಕೊಟ್ಟು ಎ ಬಿ ಸಿ ಡಿ ತುಂಬಿಸು ಎನ್ನುವುದು ಮಗುವಿಗೆ ಪೆನ್ಸಿಲ್ ಕಂಡರೆ ಆಗದ ಹಾಗೆ ಮಾಡುವ ನೇರ ದಾರಿ. ಅಕ್ಷರಾಭ್ಯಾಸದಲ್ಲಿ ಅಕ್ಕಿ ತಟ್ಟೆ ಮೇಲೆ ಮಗುವಿನ ಬೆರಳು ಹಿಡಿದು ಒಂದೇ ಒಂದು ಅಕ್ಷರ ಬರೆಸಿ ಬಿಟ್ಟುಬಿಡುತ್ತಾರೆ. ಅಷ್ಟಕ್ಕೇ ಬಿಡುವುದರಲ್ಲಿ ವಿವೇಕ ಇತ್ತು.

ಬೆರಳಿಗೆ ಕೆಲಸ ಕೊಡಬೇಕು ಅನ್ನಿಸಿದರೆ ಪ್ರವೇಶದ ಸೀಸನ್ನಿನಲ್ಲೇ ನಮಗೆ ಅವರೆಕಾಯಿ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹಿತಕಿದ ಬೇಳೆ ಸಾರು ಮಾಡದ ಮನೆ ಹಳೇ ಮೈಸೂರು ಸೀಮೆಯಲ್ಲಿ ಕಡಿಮೆ. ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಬೇಕಾದಷ್ಟೇ ಒತ್ತಿದರೆ ಬೇಳೆ ಟಪ್ಪನೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಜಾಸ್ತಿ ಒತ್ತಿದರೆ ಕಾಳು ನುಜ್ಜುಗುಜ್ಜು. ಕಡಿಮೆ ಒತ್ತಿದರೆ ಬೇಳೆ ಹೊರಗೇ ಬರುವುದಿಲ್ಲ. ಪೆನ್ಸಿಲ್ ಹಿಡಿಯಲು ಬೇಕಾದ ಹಿಡಿತ ಇದೇ. ಎಷ್ಟು ಬೇಳೆ ಆಯಿತು ಎಂದು ಎಣಿಸಿದರೆ ಗಣಿತವೂ ಆಯಿತು. ಹೇಗೂ ಅಜ್ಜಿ ಪಕ್ಕದಲ್ಲೇ ಇರುತ್ತಾರೆ, ಕತೆಯೂ ನಡೆಯುತ್ತದೆ. ಕಾಳನ್ನು ಮೂಗಿಗೆ ತುರುಕಿಕೊಳ್ಳದ ಹಾಗೆ ಒಬ್ಬರು ಕಣ್ಣಿಟ್ಟಿರಬೇಕು, ಅಷ್ಟೇ.

ಜೂನ್‌ನಲ್ಲಿ ಬೇಕಾಗುವ ವಿದ್ಯೆ

ಶಾಲೆ ಶುರುವಾದ ಮೊದಲ ವಾರ ಎಲ್‌ಕೆಜಿ ಬಾಗಿಲಲ್ಲಿ ಹೋಗಿ ನಿಂತರೆ ಯಾವ ತಯಾರಿ ಬೇಕಿತ್ತು ಎಂದು ತಾನೇ ಗೊತ್ತಾಗುತ್ತದೆ. ಅಲ್ಲಿ ಅಳುವ ಮಕ್ಕಳು ಯಾರೂ ತ್ರಿಕೋನ ಗೊತ್ತಿಲ್ಲ ಅಂತ ಅಳುತ್ತಿರುವುದಿಲ್ಲ. ಡಬ್ಬಿ ಮುಚ್ಚಳ ತೆಗೆಯಲು ಬರದೆ ಹಸಿದುಕೊಂಡಿರುವ ಮಗು ಇರುತ್ತದೆ. ಬಟನ್ ಇರುವ ಚಡ್ಡಿ ಬಿಚ್ಚಲಾಗದೆ ಒದ್ದೆ ಮಾಡಿಕೊಂಡ ಮಗು ಇರುತ್ತದೆ. ಮನೆಯ ವೆಸ್ಟರ್ನ್ ಕಮೋಡ್ ಬಿಟ್ಟು ಬೇರೆ ಕಂಡಿಲ್ಲದೆ ಮಧ್ಯಾಹ್ನದವರೆಗೆ ತಡೆದುಕೊಳ್ಳುವ ಮಗು ಇರುತ್ತದೆ. ಅಮ್ಮ ಹೋದರೆ ಮತ್ತೆ ಬರುತ್ತಾಳೆ ಎಂಬ ನಂಬಿಕೆ ಇನ್ನೂ ಕೂಡದ ಮಗು ಇರುತ್ತದೆ.

ಇದಕ್ಕೆ ತಯಾರಿ ಕಷ್ಟದ್ದಲ್ಲ, ದುಡ್ಡಿನದ್ದೂ ಅಲ್ಲ. ಶಾಲೆಗೆ ಕೊಡುವ ಡಬ್ಬಿಯಲ್ಲೇ ಒಂದು ತಿಂಗಳು ಮುಂಚೆಯಿಂದ ಮನೆಯಲ್ಲಿ ತಿನ್ನಲಿ. ಬಿಗಿ ಮುಚ್ಚಳದ ಚೆಂದದ ಡಬ್ಬಿಗಿಂತ ಮಗುವೇ ತೆಗೆಯಬಲ್ಲ ಸಾದಾ ಡಬ್ಬಿ ವಾಸಿ. ಎಲಾಸ್ಟಿಕ್ ಚಡ್ಡಿ, ವೆಲ್ಕ್ರೋ ಚಪ್ಪಲಿ. ಸುಸ್ಸು ಬಂದರೆ ಯಾರಿಗಾದರೂ ಹೇಳುವುದು, ಯಾವ ಭಾಷೆಯಲ್ಲಾದರೂ ಸರಿ. ಚಿಕ್ಕಮ್ಮನ ಮನೆಯಲ್ಲೋ ಪಕ್ಕದ ಮನೆಯಲ್ಲೋ ಮೊದಲು ಅರ್ಧ ಗಂಟೆ, ಆಮೇಲೆ ಒಂದು ಗಂಟೆ, ಎರಡು ಗಂಟೆ ಬಿಟ್ಟು ಬರುವುದು. ಕದ್ದು ಓಡಿಹೋಗಬೇಡಿ. ಹೋಗ್ತೀನಿ, ಇಷ್ಟು ಹೊತ್ತಿಗೆ ಬರ್ತೀನಿ ಎಂದು ಹೇಳಿಯೇ ಹೋಗಿ, ಹೇಳಿದ ಹೊತ್ತಿಗೇ ಬನ್ನಿ. ಮಲಗುವ ಹೊತ್ತನ್ನು ಮೇ ತಿಂಗಳಲ್ಲೇ ಹಿಂದಕ್ಕೆ ತನ್ನಿ. ರಾತ್ರಿ ಹನ್ನೊಂದಕ್ಕೆ ಮಲಗುವ ಮಗುವಿಗೆ ಬೆಳಿಗ್ಗೆ ಏಳೂವರೆಯ ವ್ಯಾನು ಶಿಕ್ಷೆಯೇ ಸೈ.

ಇಡೀ ವ್ಯವಹಾರದಲ್ಲಿ ನನಗೆ ಎಲ್ಲಕ್ಕಿಂತ ಬೇಸರ ತರಿಸುವ ಭಾಗ ಒಂದಿದೆ. ಮಾತು ತಡವಾದ ಮಕ್ಕಳ ಅಪ್ಪ ಅಮ್ಮ ಈ ಭೇಟಿಯ ಹೆದರಿಕೆಯಲ್ಲಿ ವಿಷಯವನ್ನೇ ಮುಚ್ಚಿಡುತ್ತಾರೆ. ಫಾರಂನಲ್ಲಿ "ಏನಾದರೂ ತೊಂದರೆ ಇದೆಯಾ" ಎಂಬಲ್ಲಿ ಇಲ್ಲ ಎಂದು ಬರೆಯುತ್ತಾರೆ. ಡಾಕ್ಟರ ಹತ್ತಿರ ಹೋದರೆ ಕಾಗದ ಆಗಿಬಿಡುತ್ತದೆ, ಸೀಟು ಸಿಗುವುದಿಲ್ಲ ಎಂದು ಒಂದು ವರ್ಷ ತಳ್ಳುತ್ತಾರೆ. ಮೂರು ನಾಲ್ಕರ ವಯಸ್ಸಿನಲ್ಲಿ ಸಿಗುವ ಸಹಾಯ ಏಳಕ್ಕೆ ಸಿಗುವ ಸಹಾಯಕ್ಕಿಂತ ಎಷ್ಟೋ ಮೇಲು. ಮೂರು ವರ್ಷಕ್ಕೂ ಎರಡು ಮೂರು ಪದ ಸೇರಿಸಿ ಹೇಳದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ಸೀಟಿನ ಚಿಂತೆ ಬದಿಗಿಟ್ಟು ಮೊದಲು ಮಕ್ಕಳ ವೈದ್ಯರನ್ನು ಕಾಣಬೇಕು. ಕಿವಿ ಕೇಳುತ್ತದಾ ಎಂಬುದೇ ಎಷ್ಟೋ ಸಲ ಮೊದಲ ಪ್ರಶ್ನೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಅಂಗವಿಕಲ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಮುಚ್ಚಿಟ್ಟು ಗಿಟ್ಟಿಸಿದ ಸೀಟಿನಲ್ಲಿ ಕೂತ ಮಗುವಿಗೆ ಅಲ್ಲಿ ಸಹಾಯ ಮಾಡುವವರು ಇರುವುದಿಲ್ಲ, ಅದನ್ನು ಯೋಚಿಸಿ.

ನಿಜವಾಗಿ ತಯಾರಾಗಬೇಕಾದವರು ದೊಡ್ಡವರು, ಅದೂ ಕಾಗದ ಪತ್ರದಲ್ಲಿ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಇದೆಯಾ ಎಂದು ಇವತ್ತೇ ನೋಡಿ. ಆಸ್ಪತ್ರೆಯಿಂದ ನೋಂದಣಿ ಆಗುವಾಗ ನಾಮಕರಣ ಆಗಿರುವುದಿಲ್ಲ, ಹೆಸರಿನ ಜಾಗ ಖಾಲಿ ಬಿದ್ದಿರುತ್ತದೆ, ಎಷ್ಟೋ ಮನೆಗಳಲ್ಲಿ ಅದು ತಿಳಿಯುವುದೇ ಶಾಲೆಯ ಕೌಂಟರಿನಲ್ಲಿ. ಒಂದು ವರ್ಷದೊಳಗಾದರೆ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು, ಆಮೇಲಾದರೆ ಶುಲ್ಕ ಕಟ್ಟಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದ ಈಚೆಗೆ ಹುಟ್ಟಿದವರ ಶಾಲಾ ಪ್ರವೇಶಕ್ಕೆ ಹುಟ್ಟಿದ ದಿನ ಮತ್ತು ಜಾಗದ ಪುರಾವೆ ಎಂದರೆ ಜನನ ಪ್ರಮಾಣಪತ್ರವೇ. ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಇದರಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿ ಮಾಡಿಸಿಕೊಳ್ಳಿ. ಎಸ್‌ಎಸ್‌ಎಲ್‌ಸಿವರೆಗೆ ಎಳೆಯುವ ರಗಳೆ ಅದು.

ಶಾಲೆಗೆ ನೀವೂ ಪ್ರಶ್ನೆ ಕೇಳಬಹುದು ಎಂಬುದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಶಾಲೆಯ ಯುಡೈಸ್ ಸಂಖ್ಯೆ, ಅಂದರೆ ಸರ್ಕಾರದ ದಾಖಲೆಯಲ್ಲಿ ಆ ಶಾಲೆಗಿರುವ ಗುರುತಿನ ಸಂಖ್ಯೆ, ಯಾವುದು? ಮಾನ್ಯತೆ ಎಷ್ಟನೇ ತರಗತಿವರೆಗೆ ಇದೆ, ಯಾವ ಬೋರ್ಡಿನದ್ದು? ಗೇಟಿನ ಮೇಲೆ ಸಿಬಿಎಸ್‌ಇ ಎಂದು ಹಾಕಿಕೊಂಡು ಆ ಬೋರ್ಡಿನ ಸಂಯೋಜನೆಯೇ (ಅಫಿಲಿಯೇಷನ್) ಇಲ್ಲದ ಶಾಲೆಗಳ ವಿಷಯ ಹೊರಬಿದ್ದು ಬೆಂಗಳೂರಿನಲ್ಲಿ ಪೋಷಕರು ಬೀದಿಗಿಳಿದದ್ದು ತೀರಾ ಹಳೇ ಸುದ್ದಿಯೇನಲ್ಲ. ಅನುಮಾನ ಬಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಬಹುದು. ಶುಲ್ಕದಲ್ಲಿ ಪುಸ್ತಕ, ಯೂನಿಫಾರಂ, ವ್ಯಾನು ಎಲ್ಲಾ ಸೇರಿದೆಯಾ? ಕಳೆದ ಮೂರು ವರ್ಷದಲ್ಲಿ ಎಷ್ಟು ಏರಿದೆ? ಮಗು ಅತ್ತರೆ ಮೊದಲ ವಾರ ಏನು ಮಾಡುತ್ತೀರಿ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ, ಉತ್ತರಕ್ಕಿಂತ ಜಾಸ್ತಿ ಉತ್ತರಿಸುವವರ ಮುಖ, ಶಾಲೆ ಬಗ್ಗೆ ಬಹಳಷ್ಟು ಹೇಳುತ್ತದೆ. ದೂರವನ್ನೂ ಅಳೆಯಿರಿ. ಕಿಲೋಮೀಟರಿನಲ್ಲಿ ಬೇಡ, ಸೋಮವಾರ ಬೆಳಿಗ್ಗೆಯ ನಿಮಿಷಗಳಲ್ಲಿ. ಹೆಸರಾದ ಶಾಲೆಗೆ ದಿನಾ ಎರಡು ಗಂಟೆ ವ್ಯಾನಿನಲ್ಲಿ ಕುಲುಕಾಡುವ ನಾಲ್ಕು ವರ್ಷದ ಮಗುವಿಗೆ, ಮನೆ ಹತ್ತಿರದ ಸಾಧಾರಣ ಶಾಲೆಯೇ ಮೇಲು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಹತ್ತಿರದ ಕರ್ನಾಟಕ ಪಬ್ಲಿಕ್ ಶಾಲೆಯಲ್ಲಿ (ಹೆಸರು ಹಾಗಿದ್ದರೂ ಸರ್ಕಾರಿ ಶಾಲೆಯೇ) ಎಲ್‌ಕೆಜಿ ಇದ್ದರೆ ಅದನ್ನೂ ಒಮ್ಮೆ ನೋಡಿ ಬನ್ನಿ. ನೋಡದೆಯೇ ಬೇಡ ಎನ್ನುವವರೇ ಜಾಸ್ತಿ.

ಉಳಿದದ್ದು ಹೆದರಿಕೆಯ ಲೆಕ್ಕ. ನೂರು ಸೀಟಿಗೆ ಆರುನೂರು ಅರ್ಜಿ ಬಂದಿದೆ ಎಂದು ಶಾಲೆ ಹೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಒಂದೊಂದು ಮನೆಯವರೂ ಹೆದರಿ ಐದಾರು ಶಾಲೆಗೆ ಅರ್ಜಿ ಹಾಕಿರುತ್ತಾರೆ. ಆರು ಶಾಲೆ, ತಲಾ ನೂರು ಸೀಟು, ಆರುನೂರು ಮಕ್ಕಳು, ಎಲ್ಲರೂ ಆರೂ ಕಡೆ ಅರ್ಜಿ ಹಾಕಿದರು ಅನ್ನಿ. ಪ್ರತಿ ಶಾಲೆಯಲ್ಲೂ ಆರುನೂರು ಅರ್ಜಿ, ಆದರೆ ಎಲ್ಲರಿಗೂ ಸೀಟು ಇದೆ! ಒಂದೇ ಮಗುವನ್ನು ಆರು ಸಲ ಎಣಿಸಿ ನಾವೇ ಹೆದರಿಕೊಳ್ಳುತ್ತೇವೆ. ಈ ಹೆದರಿಕೆಗೆ ಬೆಂಕಿ ಹಚ್ಚುವುದು ತಾರೀಖುಗಳು. ಒಂದು ಶಾಲೆ ನವೆಂಬರ್‌ನಲ್ಲಿ ಪಟ್ಟಿ ಹಾಕಿ, ವಾರದೊಳಗೆ ಶುಲ್ಕ ಕಟ್ಟಿ, ಕಟ್ಟಿದ ಮೇಲೆ ವಾಪಸ್ ಇಲ್ಲ ಎನ್ನುತ್ತದೆ. ನಿಮಗೆ ಇಷ್ಟದ ಶಾಲೆಯ ಪಟ್ಟಿ ಬರುವುದು ಜನವರಿಗೆ. ಇಲ್ಲೂ ಕಟ್ಟಿ, ಅಲ್ಲೂ ಕಟ್ಟಿ, ಒಂದನ್ನು ಬಿಡುವವರು ಎಷ್ಟೋ ಜನ. ಹಾಗೆ ಬಿಟ್ಟ ಸೀಟುಗಳಿಂದಲೇ ಫೆಬ್ರವರಿ, ಮಾರ್ಚ್‌ನಲ್ಲಿ ವೇಟಿಂಗ್ ಲಿಸ್ಟು ಸರಸರ ಮುಂದೆ ಹೋಗುತ್ತದೆ.

ದೆಹಲಿಯಲ್ಲಿ ಶಿಕ್ಷಣ ನಿರ್ದೇಶನಾಲಯ ಪ್ರತಿ ವರ್ಷ ಖಾಸಗಿ ಶಾಲೆಗಳ ನರ್ಸರಿ ಪ್ರವೇಶಕ್ಕೆ ಒಂದೇ ವೇಳಾಪಟ್ಟಿ ಪ್ರಕಟಿಸುತ್ತದೆ. ಅರ್ಜಿಯ ಕೊನೇ ದಿನ, ಮೊದಲ ಪಟ್ಟಿ, ಎರಡನೇ ಪಟ್ಟಿ ಎಲ್ಲಕ್ಕೂ ಒಂದೇ ತಾರೀಖು. ಯಾವ ಕಾರಣಕ್ಕೆ ಎಷ್ಟು ಅಂಕ ಎಂಬುದನ್ನು ಶಾಲೆ ಮೊದಲೇ ಬಹಿರಂಗಪಡಿಸಬೇಕು: ಮನೆ ಹತ್ತಿರ ಇದ್ದರೆ ಇಷ್ಟು, ಅಣ್ಣ ಅಕ್ಕ ಅಲ್ಲೇ ಓದುತ್ತಿದ್ದರೆ ಇಷ್ಟು ಎಂದು. ಅಲ್ಲೂ ತಕರಾರು ಮುಗಿದಿಲ್ಲ, ಅಂಕ ಸಮವಾದರೆ ಚೀಟಿ ಎತ್ತಬೇಕಾಗುತ್ತದೆ. ಆದರೆ ಚೀಟಿ ಎತ್ತುವಾಗ ಮೂರು ವರ್ಷದ ಮಗುವನ್ನು ಮೇಜಿನ ಮುಂದೆ ಕೂರಿಸಬೇಕಾಗಿಲ್ಲ. ಕರ್ನಾಟಕ ಅಷ್ಟೂ ಮಾಡದಿದ್ದರೆ ಹೋಗಲಿ, ಎಲ್‌ಕೆಜಿ ಪಟ್ಟಿ ಮತ್ತು ಶುಲ್ಕ ಕಟ್ಟುವ ಗಡುವಿಗೆ ಒಂದೇ ತಾರೀಖು ಗೊತ್ತು ಮಾಡಿದರೂ ಎರಡೆರಡು ಕಡೆ ದುಡ್ಡು ಕಟ್ಟುವುದು ನಿಲ್ಲುತ್ತದೆ. ಇದಕ್ಕೆ ಹೊಸ ಕಾಯ್ದೆಗಿಂತ ಮೊದಲು ಒಂದು ಸುತ್ತೋಲೆ ಹೊರಡಲಿ, ಆರ್‌ಟಿಇಯ ಜರಡಿ ನಿಷೇಧವನ್ನು ಎಲ್‌ಕೆಜಿಗೂ ತರುವ ಚರ್ಚೆ ಅದರ ಹಿಂದೆ ಬರಲಿ.